ಅನಿಮೇಷನ್ ಚಿತ್ರ ನೋಡಿ ಕಣ್ಣೊರೆಸಿಕೊಂಡವರ ಪ್ರಶ್ನೆ

ಪ್ರಶ್ನೆ: ಎಂಟು ವರ್ಷದ ಮಗಳ ಜೊತೆ ಕೂತು ‘ಅಪ್’ ಚಿತ್ರ ನೋಡಿದೆ. ಶುರುವಾಗಿ ಹತ್ತು-ಹನ್ನೆರಡು ನಿಮಿಷ ಆಗುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಸಿನಿಮಾ ಬಲ್ಲ ಗೆಳೆಯರೊಬ್ಬರಿಗೆ ಇದನ್ನು ಹೇಳಿದರೆ, “ಅದು ಮಕ್ಕಳ ಚಿತ್ರ, ಚೆನ್ನಾಗಿ ತಯಾರಿಸಿದ ಸರಕು, ಅಷ್ಟೇ. ಅಳಿಸೋದಕ್ಕೂ ಕಲೆಗೂ ಸಂಬಂಧ ಇಲ್ಲ” ಅಂದುಬಿಟ್ಟರು. ಮನೆಮಂದಿಯೆಲ್ಲ ಒಟ್ಟಿಗೆ ನೋಡುವ ಅನಿಮೇಷನ್ ಚಿತ್ರಗಳಿಗೆ ಕಲೆಯಾಗಿ ನಿಜಕ್ಕೂ ಬೆಲೆ ಇದೆಯೇ? ಇದ್ದರೆ ಅದು ಎಲ್ಲಿದೆ? ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಮೊದಲು ಒಪ್ಪಿಕೊಂಡುಬಿಡೋಣ. ನೋಡುವವರನ್ನು ಅಳಿಸುವುದು ದೊಡ್ಡ ವಿದ್ಯೆಯೇನಲ್ಲ. ದೊಡ್ಡ ಕಣ್ಣಿನ ಮರಿಯೊಂದನ್ನು ಮಳೆಯಲ್ಲಿ ಒಂಟಿಯಾಗಿ ನಿಲ್ಲಿಸಿ, ಹಿನ್ನೆಲೆಯಲ್ಲಿ ಪಿಟೀಲು ನುಡಿಸಿದರೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ. ಮನೆಗೆ ಬರುವಷ್ಟರಲ್ಲಿ ಅದು ಒಣಗಿಯೂ ಹೋಗುತ್ತದೆ. ಹಾಗಾಗಿ ಕಣ್ಣೀರನ್ನು ಸಾಕ್ಷಿಗೆ ಕರೆಯುವುದು ಬೇಡ. ಅದು ಏನನ್ನು ನೋಡಿ ಬಂತು ಎಂದು ಹಿಂದಕ್ಕೆ ಹೋಗಿ ಹುಡುಕೋಣ.

2009ರ ಆ ಚಿತ್ರದಲ್ಲಿ ನಿಮ್ಮನ್ನು ತಟ್ಟಿದ ಭಾಗ ನಾಲ್ಕು ನಿಮಿಷಕ್ಕಿಂತ ಚೂರು ಹೆಚ್ಚು. ಕಾರ್ಲ್‌ನ ಮದುವೆಯಿಂದ ಹಿಡಿದು ಹೆಂಡತಿ ತೀರಿಕೊಳ್ಳುವವರೆಗೆ ಇಡೀ ಒಂದು ದಾಂಪತ್ಯ ಅಷ್ಟರಲ್ಲಿ ಕಳೆದುಹೋಗುತ್ತದೆ. ಮಾತು ಒಂದೂ ಇಲ್ಲ, ಮೈಕಲ್ ಜಿಯಾಕಿನೊ ಅವರ ಸಂಗೀತ ಮಾತ್ರ. ದೂರದ ಜಲಪಾತಕ್ಕೆ ಹೋಗಬೇಕೆಂದು ಇಬ್ಬರೂ ಗಾಜಿನ ಜಾಡಿಯೊಂದರಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಒಮ್ಮೆ ಕಾರಿನ ಟೈರು, ಒಮ್ಮೆ ಮುರಿದ ಕಾಲು, ಒಮ್ಮೆ ಮರ ಬಿದ್ದು ಒಡೆದ ಸೂರು, ಹೀಗೆ ಪ್ರತಿ ಸಲವೂ ಜಾಡಿ ಒಡೆಯಬೇಕಾಗುತ್ತದೆ. ಅವಳು ಅವನಿಗೆ ಟೈ ಕಟ್ಟುತ್ತಾಳೆ, ಮತ್ತೆ ಕಟ್ಟುತ್ತಾಳೆ, ಮತ್ತೆ. ಟೈ ಬಣ್ಣ ಬದಲಾಗುತ್ತದೆ, ವರ್ಷಗಳು ಉರುಳುತ್ತವೆ. ಪ್ರಾಯದಲ್ಲಿ ಅವಳೇ ಮುಂದೆ ಓಡಿ ಏರುತ್ತಿದ್ದ ಅದೇ ಗುಡ್ಡದಲ್ಲಿ ಒಂದು ದಿನ ಅವಳು ಎಡವಿ ಬೀಳುತ್ತಾಳೆ. ಆಕೆಗೆ ಕಾಯಿಲೆ ಎಂದು ಯಾರೂ ಹೇಳಬೇಕಿಲ್ಲ, ಗುಡ್ಡವೇ ಹೇಳಿಬಿಡುತ್ತದೆ.

ಇನ್ನೊಂದನ್ನು ಗಮನಿಸಿದಿರೋ ಇಲ್ಲವೋ. ಕಾರ್ಲ್ ಚೌಕ. ತಲೆ, ಕನ್ನಡಕ, ಗದ್ದ, ಕೂರುವ ಕುರ್ಚಿ ಎಲ್ಲ ಚೌಕ. ಹೆಂಡತಿ ದುಂಡು. ಮುಖ ದುಂಡು, ಕೂದಲಿನ ಸುತ್ತು ದುಂಡು, ಅವಳ ಕುರ್ಚಿಯ ಬೆನ್ನೂ ದುಂಡು. ಆಕೆ ಹೋದ ಮೇಲೆ ಚೌಕ ಕುರ್ಚಿಯ ಪಕ್ಕದಲ್ಲಿ ದುಂಡು ಕುರ್ಚಿ ಖಾಲಿ ಉಳಿಯುತ್ತದೆ. ಆ ಆಕಾರಗಳನ್ನು ನೀವು ಎಣಿಸಿರಲಾರಿರಿ, ಆದರೆ ನಿಮ್ಮ ಕಣ್ಣು ಅಷ್ಟು ಹೊತ್ತೂ ಅವನ್ನು ಕಲಿಯುತ್ತಲೇ ಇತ್ತು. ಆದ್ದರಿಂದಲೇ ಖಾಲಿ ಕುರ್ಚಿ ಕಂಡಾಗ ಅದು ಪೀಠೋಪಕರಣವಾಗಿ ಕಾಣಲಿಲ್ಲ, ಇಲ್ಲದ ಮನುಷ್ಯಳಾಗಿ ಕಂಡಿತು. ಮರಿಯನ್ನು ಮಳೆಯಲ್ಲಿ ನಿಲ್ಲಿಸಿ ಅಳಿಸುವುದಕ್ಕೂ ಇದಕ್ಕೂ ಇರುವ ದೂರ ಇಷ್ಟು.

ಮಕ್ಕಳಾಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ತಿಳಿಯುವ ಗಳಿಗೆಯನ್ನೂ ನೆನಪಿಸಿಕೊಳ್ಳಿ. ಆಕೆ ತಲೆ ತಗ್ಗಿಸಿ ಕೂತಿದ್ದಾಳೆ, ಅವನ ಕೈ ಅವಳ ಮೇಲಿದೆ. ಅಷ್ಟೇ ಚಿತ್ರ. ನಿಮ್ಮ ಮಗಳಿಗೆ ಆಕೆಗೆ ತುಂಬ ದುಃಖವಾಗಿದೆ, ಅವನು ಜೊತೆಗಿದ್ದಾನೆ ಎಂಬುದು ಕಂಡಿತು. ಆ ದುಃಖ ಯಾವುದು ಎಂಬುದು ನಿಮಗೆ ಗೊತ್ತಾಯಿತು. ಒಂದೇ ಚಿತ್ರ ಇಬ್ಬರಿಗೂ ಪೂರ್ತಿ ಸಿಕ್ಕಿತು, ಯಾರಿಗೂ ಅರ್ಧ ಸಿಗಲಿಲ್ಲ. ಕೌಟುಂಬಿಕ ಚಿತ್ರದ ಕಲೆ ಎಂದು ನಾನು ಕರೆಯುವುದು ಇದನ್ನೇ. ಇನ್ನೂ ಹತ್ತು ವರ್ಷ ಕಳೆದು ಆಕೆ ಇದನ್ನು ಮತ್ತೆ ನೋಡಿದಾಗ ಒಂದು ಚೂರೂ ಬದಲಾಗದ ಅದೇ ದೃಶ್ಯ ಬೇರೆಯಾಗಿರುತ್ತದೆ.

ಈಗ ಈ ಕೆಲಸ ಒಳಗಿನಿಂದ ಹೇಗಿರುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ತಪ್ಪುವುದು ಇಲ್ಲೇ. ಪಾಠ ಹೇಳುವುದಕ್ಕೆ ಬರುವ ಮುಂಚೆ ನಾನು ಒಂದು ಸ್ಟುಡಿಯೊದಲ್ಲಿ ಇನ್‌ಬಿಟ್ವೀನರ್ ಆಗಿದ್ದೆ. ಹಿರಿಯ ಅನಿಮೇಟರ್ ಚಲನೆಯ ಮುಖ್ಯ ಭಂಗಿಗಳನ್ನು ಬರೆದು ಕೊಡುತ್ತಾರೆ, ಅವಕ್ಕೆ ಕೀ ಡ್ರಾಯಿಂಗ್ ಎನ್ನುತ್ತೇವೆ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳನ್ನು ಅಡಿಯಿಂದ ಬೆಳಕು ಬರುವ ಲೈಟ್ ಬಾಕ್ಸ್ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು ಬರೆಯುವವರು ಇನ್‌ಬಿಟ್ವೀನರ್. ನನಗೆ ಮೊದಲು ಸಿಕ್ಕ ದೃಶ್ಯದಲ್ಲಿ ಹೆಂಗಸೊಬ್ಬಳು ನೀರು ತುಂಬಿದ ಬಕೆಟ್ ಎತ್ತಬೇಕಿತ್ತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು, ನಮ್ಮ ಮಾತಿನಲ್ಲಿ ಅದು ‘ಆನ್ ಟೂಸ್’. ಬಗ್ಗಿದ ಭಂಗಿ, ಎದ್ದು ನಿಂತ ಭಂಗಿ ಎರಡೂ ಇದ್ದವು. ನಡುವಿನವನ್ನು ನಾನು ಸಮ ಅಂತರದಲ್ಲಿ ಹಂಚಿ ನೀಟಾಗಿ ಬರೆದೆ. ಗೆರೆ ಎಲ್ಲೂ ನಡುಗಿರಲಿಲ್ಲ.

ಪೆನ್ಸಿಲ್ ಟೆಸ್ಟ್, ಅಂದರೆ ಬರೆದ ಚಿತ್ರಗಳನ್ನು ಸಾಲಾಗಿ ಓಡಿಸಿ ಚಲನೆ ಪರೀಕ್ಷಿಸುವುದು. ಅದನ್ನು ಓಡಿಸಿ ನೋಡಿದ ಹಿರಿಯರು, “ಈ ಬಕೆಟ್‌ನಲ್ಲಿ ನೀರಿಲ್ಲವಲ್ಲ” ಅಂದರು. ಮತ್ತೇನೂ ಹೇಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ನನ್ನ ಪಕ್ಕವೇ ಕೂತು ತಿದ್ದಿದರು. ಬೆರಳು ಹಿಡಿಕೆಯನ್ನು ಬಿಗಿಯುತ್ತದೆ, ಭುಜ ಮೇಲೇಳುತ್ತದೆ, ತೋಳು ನೇರವಾಗುತ್ತದೆ. ಬಕೆಟ್ ಮಾತ್ರ ಇದ್ದಲ್ಲೇ ಇದೆ. ಸೊಂಟ ಆಚೆ ಪಕ್ಕಕ್ಕೆ ವಾಲುತ್ತದೆ, ಖಾಲಿ ಕೈ ದೇಹದಿಂದ ದೂರ ಚಾಚುತ್ತದೆ. ಬಕೆಟ್ ಇನ್ನೂ ನೆಲದಲ್ಲೇ. ಆಮೇಲೆ ಸ್ವಲ್ಪವೇ ಸ್ವಲ್ಪ ಮೇಲೆದ್ದು, ಒಂದು ಗುಕ್ಕಿಗೆ ಬರುತ್ತದೆ. ಒಳಗಿನ ನೀರು ಒಂದು ಕ್ಷಣ ತಡವಾಗಿ ತುಳುಕುತ್ತದೆ. ಅವರು ಒಟ್ಟಿನಲ್ಲಿ ಸೇರಿಸಿದ್ದು ಎರಡು ಚಿತ್ರಗಳ ವಿಳಂಬ. ನಾಲ್ಕು ಫ್ರೇಮ್, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಮತ್ತೆ ಓಡಿಸಿದಾಗ ಆ ಹೆಂಗಸಿಗೆ ಬೆನ್ನುನೋವಿದೆ ಎಂದು ನನಗೆ ಗೊತ್ತಾಯಿತು. ಕಥೆಯಲ್ಲಿ ಎಲ್ಲೂ ಇಲ್ಲದ ಆ ವಿಷಯ ಆ ವಿಳಂಬದಲ್ಲಿತ್ತು. ಆಕೆ ಆ ಬಕೆಟನ್ನು ಇದೇ ಮೊದಲ ಸಲ ಎತ್ತುತ್ತಿಲ್ಲ, ದಿನವೂ ಎತ್ತುತ್ತಾಳೆ ಎಂಬುದೂ ಇತ್ತು.

ಕ್ಯಾಮೆರಾ ಮುಂದೆ ನಟಿಯೊಬ್ಬಳು ನಿಜವಾದ ಬಕೆಟ್ ಎತ್ತಿದರೆ ಭಾರ ತಾನಾಗಿ ಬರುತ್ತದೆ. ಗಾಳಿ ಬೀಸಿದರೆ ಕೂದಲು ಹಾರುತ್ತದೆ, ಯಾರೂ ಕೇಳದೆಯೇ ಗೋಡೆಯ ಮೇಲೆ ನೆರಳು ಬೀಳುತ್ತದೆ. ಅನಿಮೇಷನ್‌ನಲ್ಲಿ ಯಾವುದೂ ಪುಕ್ಕಟೆ ಇಲ್ಲ. ಭಾರವನ್ನು ಬರೆಯಬೇಕು, ಗಾಳಿಯನ್ನು ಬರೆಯಬೇಕು, ಹಿಂಜರಿಕೆಯನ್ನು ಬರೆಯಬೇಕು. ಒಬ್ಬಳು ಸುಮ್ಮನೆ ಕೂತಿದ್ದಾಳೆ ಎಂದರೆ ಆ ಸುಮ್ಮನಿರುವುದನ್ನೂ ಬರೆಯಬೇಕು. ಒಂದೇ ಚಿತ್ರವನ್ನು ಅಲ್ಲಾಡಿಸದೆ ನಿಲ್ಲಿಸಿಬಿಟ್ಟರೆ ಪಾತ್ರ ಸತ್ತಂತೆ ಕಾಣುತ್ತದೆ. ಹಾಗಾಗಿ ಉಸಿರಿನಷ್ಟು, ರೆಪ್ಪೆಯಷ್ಟು ಕದಲಿಕೆ ಇಡುತ್ತಾರೆ. ಅದಕ್ಕೆ ‘ಮೂವಿಂಗ್ ಹೋಲ್ಡ್’ ಎಂದು ಹೆಸರು. ಕಂಪ್ಯೂಟರ್ ಚಿತ್ರಗಳಲ್ಲಂತೂ ಇದು ಇನ್ನೂ ಕಷ್ಟ, ಅಲ್ಲಿ ಕದಲದ ಪಾತ್ರ ಕೈಯಿಂದ ಬರೆದದ್ದಕ್ಕಿಂತ ಬೇಗ ಗೊಂಬೆಯಾಗುತ್ತದೆ. ಪರದೆಯ ಮೇಲಿನ ಪ್ರತಿಯೊಂದೂ ಯಾರೋ ಕೂತು ತೀರ್ಮಾನಿಸಿದ್ದು. ಈ ಮಾಧ್ಯಮದ ಘನತೆಯೂ ಅಪಾಯವೂ ಎರಡೂ ಇರುವುದು ಇದರಲ್ಲೇ. ತೀರ್ಮಾನ ಮಾಡುವವರು ಸೋಮಾರಿಗಳಾದರೆ ಎಲ್ಲವೂ ಸೋಮಾರಿಯಾಗಿ ಕಾಣುತ್ತದೆ, ಮರೆಮಾಡಲು ನಿಜಲೋಕದ ಒಂದು ಎಲೆಯೂ ಅಲ್ಲಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೌನದ ವಿಷಯಕ್ಕೆ ಬರುತ್ತೇನೆ. 1988ರಲ್ಲಿ ಜಪಾನಿನ ನಿರ್ದೇಶಕ ಹಯಾವೊ ಮಿಯಾಜಾಕಿ ಮಾಡಿದ ‘ನನ್ನ ನೆರೆಯ ಟೊಟೊರೊ’ದಲ್ಲಿ ಬಸ್ ನಿಲ್ದಾಣದ ದೃಶ್ಯವಿದೆ. ನನಗೆ ಸಿನಿಮಾದಲ್ಲಿ ಅದಕ್ಕಿಂತ ಪ್ರಿಯವಾದ ದೃಶ್ಯಗಳು ಕಡಿಮೆ. ಸಂಜೆ, ಮಳೆ. ಅಪ್ಪನಿಗೆ ಕೊಡೆ ಕೊಡಲು ಅಕ್ಕ-ತಂಗಿ ಕಾಯುತ್ತಿದ್ದಾರೆ. ಬಸ್ ಬಂತು, ಅಪ್ಪ ಇಳಿಯಲಿಲ್ಲ. ತಂಗಿ ತೂಕಡಿಸುತ್ತಾಳೆ, ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಕತ್ತಲಾಗುತ್ತದೆ. ಕಪ್ಪೆಯೊಂದು ನಿಧಾನವಾಗಿ ಸಾಗುತ್ತದೆ. ಇಷ್ಟು ಹೊತ್ತು ಕಥೆಯಲ್ಲಿ ಏನೂ ನಡೆದಿಲ್ಲ, ಕಾಯುವುದು ಮಾತ್ರ ನಡೆದಿದೆ. ಆಮೇಲೆ ಹೆಜ್ಜೆ ಸಪ್ಪಳ. ಕೊಡೆಯ ಅಂಚಿನ ಕೆಳಗೆ ಉಗುರಿರುವ ದೊಡ್ಡ ಪಾದ ಮಾತ್ರ ಅಕ್ಕನಿಗೆ ಕಾಣುತ್ತದೆ. ಪಕ್ಕದಲ್ಲಿ ಬಂದು ನಿಂತ ಆ ದೈತ್ಯ ಜೀವಿ ತಲೆಯ ಮೇಲೆ ಎಲೆಯೊಂದನ್ನು ಇಟ್ಟುಕೊಂಡು ನೆನೆಯುತ್ತಿದೆ. ಅವಳು ಅಪ್ಪನ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ಒಂದು ದಪ್ಪ ಹನಿ ಕೊಡೆಯ ಮೇಲೆ ‘ಟಪ್’ ಎಂದು ಬೀಳುತ್ತದೆ. ಆ ಸದ್ದಿಗೆ ಜೀವಿಯ ಕಣ್ಣು ಅರಳುತ್ತದೆ, ಮೈ ನವಿರೇಳುತ್ತದೆ. ಇನ್ನಷ್ಟು ಬೇಕೆಂದು ಅದು ಒಮ್ಮೆ ನೆಗೆದು ನೆಲಕ್ಕೆ ಅಪ್ಪಳಿಸಿದರೆ, ಮರದ ಮೇಲಿದ್ದ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ.

ಅಮ್ಮ ಆಸ್ಪತ್ರೆಯಲ್ಲಿರುವ ಇಬ್ಬರು ಮಕ್ಕಳ ಕಥೆ ಇದು. ಆ ಹೆದರಿಕೆ ಇಡೀ ಚಿತ್ರದ ಅಡಿಯಲ್ಲಿ ಹರಿಯುತ್ತಿರುತ್ತದೆ. ಬಸ್ ನಿಲ್ದಾಣದಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಬರಬೇಕಾದ ದೊಡ್ಡವರು ಬಾರದೆ ಇರುವಾಗ ಕತ್ತಲಲ್ಲಿ ಪುಟ್ಟ ತಂಗಿಯನ್ನು ಹೊತ್ತು ನಿಂತ ಹುಡುಗಿಯ ಬೆನ್ನು ಎಲ್ಲವನ್ನೂ ಹೇಳುತ್ತದೆ. ಕಾಯುವಿಕೆಯನ್ನು ಅಷ್ಟು ಉದ್ದ ಎಳೆಯದಿದ್ದರೆ ಆ ಒಂದು ಹನಿಯ ಸದ್ದಿಗೆ ಅಷ್ಟು ಸಂತೋಷ ಬರುತ್ತಲೇ ಇರಲಿಲ್ಲ. ಮಿಯಾಜಾಕಿ ಒಂದು ಸಂದರ್ಶನದಲ್ಲಿ ಕೆಲವು ಸಲ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ನಡುವಿನ ಖಾಲಿಯನ್ನು ತೋರಿಸಿ, ಅದಕ್ಕೆ ತಮ್ಮ ಭಾಷೆಯಲ್ಲಿ ‘ಮಾ’ ಎನ್ನುತ್ತಾರೆ ಎಂದು ವಿವರಿಸಿದ್ದರು. ಫ್ರೇಮಿಗೆ ಫ್ರೇಮು ಬೆವರು ಸುರಿಸಬೇಕಾದ ಮಾಧ್ಯಮದಲ್ಲಿ, ಏನೂ ಆಗದ ಹೊತ್ತಿಗಾಗಿ ಬೆವರು ಸುರಿಸಲು ಎಂಥ ನಂಬಿಕೆ ಬೇಕು ಯೋಚಿಸಿ. ಮಗು ಕಾಯುತ್ತದೆ, ಎದ್ದು ಹೋಗುವುದಿಲ್ಲ ಎಂಬ ನಂಬಿಕೆ ಅದು. ಅವರ 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ಹುಡುಗಿ ನೀರಿನ ಮೇಲೆ ಹೋಗುವ ರೈಲಿನಲ್ಲಿ ಸುಮ್ಮನೆ ಕೂತು ಪ್ರಯಾಣಿಸುವ ಭಾಗವೂ ಇದೇ ಜಾತಿಯದು. ಆ ಚಿತ್ರಕ್ಕೆ 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಬಂತು. ನಿಮ್ಮ ಗೆಳೆಯರು ಪ್ರಶಸ್ತಿಗಳಿಗೆ ಬೆಲೆ ಕೊಡುವವರಾದರೆ ಇದನ್ನು ಹೇಳಿ. ನನ್ನ ಮಟ್ಟಿಗೆ ರೈಲಿನ ಆ ನಿಮಿಷಗಳೇ ಸಾಕು.

ತಡೆಹಿಡಿಯುವುದು, ಕಡಿಮೆ ತೋರಿಸುವುದು ಈ ಕಲೆಯ ಹುಟ್ಟುಗುಣ. ಇಂದು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು 1926ರದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕತ್ತರಿಯಿಂದ ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ, ಬೆಳಕಿನ ಗಾಜಿನ ಮೇಲಿಟ್ಟು ಒಂದೊಂದೇ ಫ್ರೇಮ್ ತೆಗೆದು ಮೂರು ವರ್ಷದಲ್ಲಿ ಮಾಡಿದ್ದು. ರಾಜಕುಮಾರ ಅಹ್ಮದನ ಕಥೆ. ಅದರಲ್ಲಿ ಮುಖಗಳೆಲ್ಲ ಬರೀ ಕಪ್ಪು, ಹುಬ್ಬು ಗಂಟಿಕ್ಕಲು ಹುಬ್ಬೇ ಕಾಣದು. ಆದರೂ ನಾಚಿಕೆ, ಕೋಪ, ಆಸೆ ಎಲ್ಲವೂ ಕತ್ತಿನ ಬಾಗು, ಮಣಿಕಟ್ಟಿನ ತಿರುವಿನಲ್ಲೇ ಬರುತ್ತವೆ. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊದ ಜೇಡಿಮಣ್ಣಿನ ನಾಯಿ ಗ್ರೊಮಿಟ್‌ಗೆ ಬಾಯಿಯೇ ಇಲ್ಲ. ಯಜಮಾನ ವಾಲೆಸ್ ಎಡೆಬಿಡದೆ ಮಾತಾಡುತ್ತಿರುತ್ತಾನೆ, ನಾಯಿ ಹುಬ್ಬಿನ ಜಾಗದ ಮಣ್ಣನ್ನು ಒಂದು ಎಳೆಯಷ್ಟು ಮೇಲೆ ಕೆಳಗೆ ಮಾಡುವುದರಲ್ಲೇ ಸಂದೇಹ, ಬೇಸರ, ಪ್ರೀತಿ ತೋರಿಸುತ್ತದೆ. ಕ್ಲೋಸಪ್‌ನಲ್ಲಿ ಸರಿಯಾಗಿ ನೋಡಿದರೆ ಮಣ್ಣಿನ ಮೇಲೆ ಅನಿಮೇಟರ್‌ನ ಬೆರಳ ಗುರುತು ಕಾಣುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದಾರಲ್ಲ, ಅದಕ್ಕೆ ನಾನು ಋಣಿ.

ಹಿನ್ನೆಲೆಯ ಚಿತ್ರಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಯಾರೂ ಅವನ್ನು ನೋಡುವುದಿಲ್ಲ. 1942ರ ‘ಬ್ಯಾಂಬಿ’ ತಯಾರಾಗುತ್ತಿದ್ದಾಗ ಡಿಸ್ನಿ ಸ್ಟುಡಿಯೊದಲ್ಲಿ ಕಾಡನ್ನು ಎಲೆ ಎಲೆಯಾಗಿ ಬರೆಯುತ್ತಿದ್ದರು. ಅಷ್ಟು ಎಲೆಗಳ ನಡುವೆ ಜಿಂಕೆ ಕಳೆದೇ ಹೋಗುತ್ತಿತ್ತು. ಚೀನಾದಿಂದ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದಿದ್ದ ಟೈರಸ್ ವಾಂಗ್ ಆಗ ಅಲ್ಲಿ ಇನ್‌ಬಿಟ್ವೀನರ್. ಸಾಂಗ್ ರಾಜವಂಶದ ಕಾಲದ ನಿಸರ್ಗಚಿತ್ರಗಳಿಂದ ಕಲಿತಿದ್ದ ಅವರು ತಾವಾಗಿಯೇ ಕೆಲವು ಚಿಕ್ಕ ಚಿತ್ರಗಳನ್ನು ಬರೆದು ತೋರಿಸಿದರು. ಅವುಗಳಲ್ಲಿ ಕಾಡು ಮಂಜಿನಂತೆ ಹರಡಿತ್ತು, ನಡುವೆ ಮಾತ್ರ ಸ್ಪಷ್ಟ, ಅಂಚಿಗೆ ಹೋದಂತೆ ಕರಗಿದ ಹಸಿರು, ಬೂದು. ಕಾಡಿನ ಪ್ರತಿರೂಪಕ್ಕಿಂತ ಕಾಡಿನ ಭಾವ ಅದರಲ್ಲಿತ್ತು. ಇಡೀ ಚಿತ್ರದ ರೂಪ ಆ ದಾರಿ ಹಿಡಿಯಿತು. ಆದರೆ ಚಿತ್ರದ ಹೆಸರುಪಟ್ಟಿಯಲ್ಲಿ ಅವರು ಹಿನ್ನೆಲೆ ಬರೆದವರ ಗುಂಪಿನಲ್ಲಿ ಒಬ್ಬರು ಅಷ್ಟೇ. ಬಹಳ ವರ್ಷಗಳ ನಂತರ, 2001ರಲ್ಲಿ, ಸ್ಟುಡಿಯೊ ಅವರಿಗೆ ಗೌರವ ಸಲ್ಲಿಸಿತು. 2016ರಲ್ಲಿ 106ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಚಿತ್ರದಲ್ಲಿ ತಾಯಿ ಜಿಂಕೆಯ ಸಾವು ಪರದೆಯ ಮೇಲೆ ಕಾಣುವುದಿಲ್ಲ. ಓಡುವ ಮರಿ, ಗುಂಡಿನ ಸದ್ದು, ಆಮೇಲೆ ಬೀಳುವ ಹಿಮ. ಮರಿ ಕರೆಯುತ್ತಾ ಅಲೆಯುವಾಗ ಹಿಮ ದಟ್ಟವಾಗುತ್ತದೆ, ಮರಗಳು ಬೂದುಬಣ್ಣಕ್ಕೆ ತಿರುಗಿ ಮಸುಕಾಗುತ್ತವೆ. ನಮ್ಮ ಕಣ್ಣಿಗೆ ಹಿಡಿಯಲು ಏನೂ ಉಳಿಯದಂತೆ ಹಿನ್ನೆಲೆಯೇ ಹಿಂದೆ ಸರಿಯುತ್ತದೆ. ತಲೆಮಾರುಗಳ ಮಕ್ಕಳು ಅದನ್ನು ಕಂಡ ಸಾವಿನಂತೆಯೇ ನೆನಪಿಟ್ಟುಕೊಂಡಿದ್ದಾರೆ.

ಗೆರೆಗೂ ಅರ್ಥವಿರುತ್ತದೆ. ಐರ್ಲೆಂಡಿನ ಕಾರ್ಟೂನ್ ಸಲೂನ್ 2020ರಲ್ಲಿ ಮಾಡಿದ ‘ವುಲ್ಫ್‌ವಾಕರ್ಸ್’ನಲ್ಲಿ ಗೋಡೆಯೊಳಗಿನ ಊರನ್ನು ಹಳೆಯ ಮರದಚ್ಚಿನ ಮುದ್ರಣದಂತೆ ದಪ್ಪ, ನೇರ, ಚೂಪು ಗೆರೆಗಳಲ್ಲಿ ಬರೆದಿದ್ದಾರೆ. ಕಾಡಿಗೆ ಹೋದರೆ ಸಡಿಲ ಪೆನ್ಸಿಲ್ ಗೆರೆ, ಕಲಾವಿದರು ಸಾಮಾನ್ಯವಾಗಿ ಕೊನೆಗೆ ಅಳಿಸಿಹಾಕುವ ಕರಡು ಗೆರೆಗಳೂ ಹಾಗೇ ಉಳಿದಿವೆ. ಬಂಧನ ಯಾವುದು, ಬಿಡುಗಡೆ ಯಾವುದು ಎಂದು ಮಾತಿನಲ್ಲಿ ಹೇಳುವ ಮೊದಲೇ ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಅದೇ ರೀತಿ 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ನಲ್ಲಿ, ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್ ಸೆಕೆಂಡಿಗೆ 12 ಚಿತ್ರಗಳಲ್ಲಿ ಚಲಿಸುತ್ತಾನೆ, ಪಕ್ಕದಲ್ಲೇ ಹಾರುವ ಅನುಭವಿ ಪೀಟರ್ 24ರಲ್ಲಿ. ಹುಡುಗ ಯಾಕೋ ತಡವರಿಸುತ್ತಿದ್ದಾನೆ ಎಂದು ನೋಡುವವರ ಮೈಗೆ ಅನ್ನಿಸುತ್ತದೆ, ಕಾರಣ ತಲೆಗೆ ಹೊಳೆಯುವುದಿಲ್ಲ. ನಟನೆಯನ್ನು ಫ್ರೇಮುಗಳ ಎಣಿಕೆಯೊಳಗೇ ಇಡಲು ಬೇರೆ ಯಾವ ಕಲೆಗೆ ಸಾಧ್ಯ?

ಗೆಳೆಯರ ಮಾತಿನ ಇನ್ನೊಂದು ತುದಿ ‘ಮಕ್ಕಳ ಚಿತ್ರ’ ಎಂಬುದು. ಮಕ್ಕಳಿಗೂ ತಿಳಿಯಬೇಕು ಎಂಬ ಕಟ್ಟು ಕಲೆಯನ್ನು ಕುಗ್ಗಿಸುತ್ತದೆ ಎಂದು ಅವರು ಅಂದುಕೊಂಡಂತಿದೆ. ಭಾಮಿನಿ ಷಟ್ಪದಿಯಲ್ಲಿ ಬರೆಯುವ ಕವಿಗೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ಗಣ ತಪ್ಪುವಂತಿಲ್ಲ, ಆರೂ ಸಾಲಿಗೆ ಆದಿಪ್ರಾಸ ಬೇಕು. ಆ ಕಟ್ಟಿನಿಂದ ಕಾವ್ಯ ಬಡವಾಯಿತೇ? ನಮ್ಮ ಭಾಷೆಯ ಅತ್ಯಂತ ಧಾರಾಳ ಕಾವ್ಯ ಹರಿದದ್ದೇ ಆ ಕಟ್ಟಿನಲ್ಲಿ. ಮನೆಮಂದಿಗೆಲ್ಲ ಎಂಬುದೂ ಅಂಥದ್ದೇ ಒಂದು ಛಂದಸ್ಸು. ಕ್ರೌರ್ಯ ತೋರಿಸಿ ಗಂಭೀರ ಎನಿಸಿಕೊಳ್ಳುವ ಹಾಗಿಲ್ಲ. ಒಗಟಾಗಿ ಮಾತಾಡಿ ಆಳವಿದೆ ಎಂಬ ಭ್ರಮೆ ಹುಟ್ಟಿಸುವ ಹಾಗಿಲ್ಲ, ಮಗು ತಕ್ಷಣ ಎದ್ದು ಹೋಗುತ್ತದೆ. ಸಾವು, ಅಗಲಿಕೆ, ಹೊಟ್ಟೆಕಿಚ್ಚು, ಮುಪ್ಪು ಇವನ್ನೆಲ್ಲ ಹೇಳಬೇಕು, ಆರು ವರ್ಷದವರಿಗೂ ಅರವತ್ತರವರಿಗೂ ಸುಳ್ಳಾಗದಂತೆ ಹೇಳಬೇಕು. 2015ರ ‘ಇನ್‌ಸೈಡ್ ಔಟ್’ ಇದನ್ನು ಎರಡು ಬಣ್ಣದಲ್ಲಿ ಹೇಳಿತು. ಸಂತೋಷ ಹಳದಿ, ದುಃಖ ನೀಲಿ, ನೆನಪುಗಳು ಗಾಜಿನ ಗುಂಡುಗಳು. ಕೊನೆಗೆ ಒಂದೇ ಗುಂಡಿನಲ್ಲಿ ಎರಡೂ ಬಣ್ಣ ಬೆರೆತು ಉರುಳಿ ಬರುತ್ತದೆ. ಬೆಳೆಯುವುದು ಎಂದರೆ ಏನು ಎಂಬುದನ್ನು ಅದಕ್ಕಿಂತ ಸರಳವಾಗಿ, ಅದಕ್ಕಿಂತ ನಿಜವಾಗಿ ತೋರಿಸಿದ ದೊಡ್ಡವರ ಚಿತ್ರ ನನಗೆ ತಕ್ಷಣ ನೆನಪಾಗುತ್ತಿಲ್ಲ.

ಸರಕು ಎಂಬ ಆರೋಪ ಹೊಸದಲ್ಲ. ನೂರಾರು ಕೈ, ಅಪಾರ ಹಣ, ಪಕ್ಕದಲ್ಲೇ ಆಟಿಕೆಯ ವ್ಯಾಪಾರ, ಎಲ್ಲ ಇದೆ. ಆದರೆ 1937ರಲ್ಲಿ ‘ಸ್ನೋ ವೈಟ್’ ಬಂದ ಮೇಲಿನ ವರ್ಷಗಳಲ್ಲಿ ಡಿಸ್ನಿಯ ಚಿತ್ರಗಳ ಬಗ್ಗೆ ಆಳವಾಗಿ ಯೋಚಿಸಿ ಬರೆದವರಲ್ಲಿ ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಒಬ್ಬರು. ಸಿನಿಮಾ ಬಲ್ಲ ನಿಮ್ಮ ಗೆಳೆಯರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಯಾವ ಆಕಾರವೂ ಸ್ಥಿರವಲ್ಲ, ಯಾವುದೂ ಯಾವುದಾದರೂ ಆಗಬಹುದು ಎಂಬ ಆ ಗೆರೆಯ ಸ್ವಾತಂತ್ರ್ಯ ಅವರನ್ನು ಸೆಳೆದಿತ್ತು. ಕಂಪ್ಯೂಟರ್ ಎಲ್ಲ ಮಾಡಿಬಿಡುತ್ತದೆ ಎನ್ನುವವರಿಗೂ ಒಂದು ಮಾತು. ಪೂರ್ತಿ ಕಂಪ್ಯೂಟರ್‌ನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ 1995ರ ‘ಟಾಯ್ ಸ್ಟೋರಿ’. ಆಗಿನ ಯಂತ್ರಕ್ಕೆ ಚರ್ಮ, ಕೂದಲು ಒಗ್ಗುತ್ತಿರಲಿಲ್ಲ, ಎಲ್ಲವೂ ಪ್ಲಾಸ್ಟಿಕ್‌ನಂತೆ ಕಾಣುತ್ತಿತ್ತು. ಹಾಗಾದರೆ ಪ್ಲಾಸ್ಟಿಕ್ ಜೀವಿಗಳ ಕಥೆಯನ್ನೇ ಹೇಳೋಣ ಎಂದರು. ಸಾಧನದ ಕೊರತೆಯನ್ನು ವಸ್ತುವಾಗಿ ತಿರುಗಿಸಿಕೊಳ್ಳುವ ಬುದ್ಧಿ ಯಂತ್ರದ್ದಲ್ಲ. ಯಂತ್ರ ನಡುವಿನ ಚಿತ್ರಗಳನ್ನು ಕೊಡುತ್ತದೆ, ನಿಜ. ಕೊಡುವುದು ನಾನು ಆ ದಿನ ಬರೆದಂತೆ ಸಮ ಅಂತರದಲ್ಲಿ. ಬಕೆಟ್‌ಗೆ ನೀರು ತುಂಬಲು ಈಗಲೂ ಒಬ್ಬ ಮನುಷ್ಯ ಕೂರಬೇಕು.

ಹಾಗೆಂದು ಈ ಹೆಸರಿನಲ್ಲಿ ಬರುವುದೆಲ್ಲ ಒಳ್ಳೆಯದಲ್ಲ, ಹೆಚ್ಚಿನವು ಅಲ್ಲವೇ ಅಲ್ಲ ಎಂದು ಹೇಳಲು ನನಗೆ ನೋವಾಗುತ್ತದೆ. ಮಗು ಎಲ್ಲಿ ಬೇಸರಪಟ್ಟೀತೋ ಎಂಬ ಭಯದಲ್ಲಿ ಮೂರು ಸೆಕೆಂಡಿಗೊಮ್ಮೆ ಯಾರಾದರೂ ಬೀಳುವ, ಕಿರುಚುವ ಚಿತ್ರಗಳಿವೆ. ತಾರೆಯರ ದನಿ ತಂದು ಪಾತ್ರಕ್ಕೆ ಅಂಟಿಸಿ ಕೈತೊಳೆದುಕೊಂಡವಿವೆ. ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಮಗುವಿನ ತಲೆಯ ಮೇಲಿಂದ ಅಪ್ಪ-ಅಮ್ಮನಿಗೆ ಕಣ್ಣು ಹೊಡೆಯುವ ಚಿತ್ರಗಳು. ಒಂದು ತಮಾಷೆ ದೊಡ್ಡವರಿಗೆ, ಒಂದು ಸಣ್ಣವರಿಗೆ ಎಂದು ಹಂಚುತ್ತಾ ಹೋಗುತ್ತವೆ. ಒಂದೇ ಸೋಫಾದಲ್ಲಿ ಕೂತವರು ಎರಡು ಬೇರೆ ಚಿತ್ರ ನೋಡಿ ಏಳುತ್ತಾರೆ. ಮಗು ನಗದಿದ್ದಾಗ ನಾವು ನಕ್ಕರೆ, ಅದು ತಿರುಗಿ ನಮ್ಮ ಮುಖ ನೋಡುತ್ತದಲ್ಲ, ಆ ನೋಟದಲ್ಲಿ ತನ್ನನ್ನು ಹೊರಗಿಟ್ಟರು ಎಂಬ ಅರಿವಿರುತ್ತದೆ. ಆಸ್ಪತ್ರೆಯ ಆ ದೃಶ್ಯದಲ್ಲಿ ನಿಮ್ಮ ಮಗಳು ಹಾಗೆ ತಿರುಗಿ ನೋಡಿರಲಾರಳು.

ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಸದ್ದು ಆರಿಸಿ ಒಂದು ದೃಶ್ಯ ನೋಡಿ ಎಂದು. ಯಾರು ಯಾರಿಗೆ ಹೆದರುತ್ತಾರೆ, ಯಾರು ಏನನ್ನು ಬಚ್ಚಿಡುತ್ತಾರೆ ಎಂಬುದು ಆಗಲೂ ತಿಳಿದರೆ, ಬರೆದವರು ಕೆಲಸ ಮಾಡಿದ್ದಾರೆ. ಪಾತ್ರಗಳ ಕೈ ನೋಡಿ. ಮುಖಕ್ಕೆ ಎಲ್ಲರೂ ಶ್ರಮ ಹಾಕುತ್ತಾರೆ, ಆದರೆ ಕೇಳಿಸಿಕೊಳ್ಳುತ್ತಿರುವವನ ಕೈ ಏನು ಮಾಡುತ್ತಿದೆ ಎಂದು ಯೋಚಿಸಿದವರು ಎಲ್ಲವನ್ನೂ ಯೋಚಿಸಿರುತ್ತಾರೆ. ಭಾರ ನೋಡಿ. ಓಡುತ್ತಿರುವವನು ನಿಂತಾಗ ಮೈ ಪೂರ್ತಿ ಒಮ್ಮೆಲೇ ನಿಲ್ಲುತ್ತದೆಯೋ, ಬಟ್ಟೆ, ಕೂದಲು, ಚೀಲ ಒಂದೊಂದಾಗಿ ಬಂದು ಸೇರುತ್ತವೆಯೋ? ಎಲ್ಲಿಯಾದರೂ ಚಿತ್ರ ಸುಮ್ಮನಾಗುತ್ತದೆಯೇ ಎಂಬುದನ್ನಂತೂ ತಪ್ಪದೆ ಗಮನಿಸಿ. ಮಗು ಯಾವಾಗ ನಕ್ಕಿತು ಎಂಬುದಕ್ಕಿಂತ ಯಾವಾಗ ಆಡುವ ಕಾಲನ್ನು ನಿಲ್ಲಿಸಿತು ಎಂದು ನೋಡುವುದು ನನ್ನ ರೂಢಿ.

ಮುಂದೆ ಯಾವುದನ್ನು ನೋಡುವುದು ಎಂದು ನೀವು ಕೇಳಿಲ್ಲ, ಆದರೂ ಒಂದನ್ನು ಹೇಳುತ್ತೇನೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ 2024ರಲ್ಲಿ ಮಾಡಿದ ‘ಫ್ಲೋ’. ನೆರೆಯಲ್ಲಿ ಮುಳುಗುತ್ತಿರುವ ಲೋಕದಲ್ಲಿ ಒಂದು ದೋಣಿ, ಅದರಲ್ಲಿ ಒಂದು ಕಪ್ಪು ಬೆಕ್ಕು ಮತ್ತು ಕೆಲವು ಪ್ರಾಣಿಗಳು. ಯಾರೂ ಬಳಸಬಹುದಾದ ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ, ದೊಡ್ಡ ಸ್ಟುಡಿಯೊದ ಬಲವಿಲ್ಲದೆ ತಯಾರಾಗಿ, 2025ರಲ್ಲಿ ಅನಿಮೇಷನ್ ಚಿತ್ರದ ಆಸ್ಕರ್ ಪಡೆಯಿತು. ಅದರಲ್ಲಿ ಮನುಷ್ಯರ ಮಾತು ಒಂದು ಅಕ್ಷರವೂ ಇಲ್ಲ, ಬೆಕ್ಕು ಬೆಕ್ಕಾಗಿಯೇ ಇರುತ್ತದೆ. ಮಗಳಿಗೆ ಏನನ್ನೂ ವಿವರಿಸಬೇಡಿ. ಗೆಳೆಯರು ಬರುವುದಾದರೆ ಅವರನ್ನೂ ಕರೆಯಿರಿ, ಮಗಳ ಪಕ್ಕದಲ್ಲೇ ಕೂರಿಸಿ. ನೀರು ಏರುತ್ತಾ ಬೆಕ್ಕಿಗೆ ನಿಲ್ಲಲು ಜಾಗ ಕಡಿಮೆಯಾಗುತ್ತಾ ಹೋಗುವ ಹೊತ್ತಿಗೆ, ಪರದೆಯನ್ನು ಬಿಟ್ಟು ಒಂದು ಗಳಿಗೆ ಅವರಿಬ್ಬರ ಮುಖವನ್ನೂ ನೋಡಿ.